ಮೇಲಂಗಿಯ ಹಿಂದಿನ ಕೈಗುರುತು

ರಾಜನ ಪ್ರತಿಮೆಯ ಪಕ್ಕಕ್ಕೇ ನನ್ನ ಛತ್ರಿ ರಿಪೇರಿ ಅಂಗಡಿ, ಕೂತಲ್ಲಿಂದಲೇ ಅವನ ಮುಖವೂ ಬೆನ್ನೂ ಕಾಣುತ್ತವೆ. ಮೂವತ್ತು ವರ್ಷಗಳಿಂದ ಆ ಮಹಾರಾಯನ ಮುಖ ನೋಡಿಕೊಂಡೇ ಮುರಿದ ಕಡ್ಡಿ ಬದಲಾಯಿಸಿದ್ದೇನೆ. ಊರು ರಾಜಧಾನಿಯಾಗಿದ್ದ ಕಾಲ ಹೋಯಿತು, ಅರಮನೆಗೆ ಟಿಕೆಟ್ಟು ಬಂತು, ಈತ ಮಾತ್ರ ಕತ್ತಿ ಹಿರಿದುಕೊಂಡು ನಿಂತೇ ಇದ್ದಾನೆ. ಜನ ಅವನ ಮುಂದೆ ಹಲ್ಲು ಕಿರಿದು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಬೆನ್ನ ಹಿಂದೆ ಹೋಗುತ್ತಿದ್ದವಳು ದಾಖಲೆ ಅಕ್ಕ ಒಬ್ಬಳೇ.

ಅಕ್ಕ ಗೈಡ್. ನನಗಿಂತ ಚಿಕ್ಕವಳು, ಆದರೂ ಎಲ್ಲರಿಗೂ ಅಕ್ಕನೇ. ಬೇರೆ ಗೈಡುಗಳು ರಾಜ ಒಂದೇ ಏಟಿಗೆ ಏಳು ಜನರನ್ನು ಕೆಡವಿದ ಎಂದು ರೈಲು ಬಿಡುತ್ತಿದ್ದರೆ ಈಕೆ, "ಅದಕ್ಕೆ ದಾಖಲೆ ಇಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಒಮ್ಮೆ ಒಬ್ಬಾತ, "ರಾಜ ಇಷ್ಟು ಎತ್ತರ ಇದ್ನಾ?" ಎಂದು ಬೆರಗಾಗಿ ಕೇಳಿದ. "ಎಲ್ಲಿ ಸರ್, ನನ್ನ ಭುಜಕ್ಕೆ ಬರ್ತಿದ್ದ. ಅವನ ಅಂಗಿ ಮ್ಯೂಸಿಯಮ್ಮಲ್ಲಿದೆ, ಅಳತೆ ನೋಡ್ಕೊಳ್ಳಿ" ಎಂದಳು. ಇಂಥವಳಿಗೆ ಯಾರು ಭಕ್ಷೀಸು ಕೊಡುತ್ತಾರೆ?

ಅವಳಿಗೊಬ್ಬಳು ಜೊತೆಗಾತಿ. ಪ್ರತಿಮೆ, ಗಡಿಯಾರದ ಗೋಪುರ, ಕಲ್ಲಿನ ಸೇತುವೆಯವರೆಗೆ ಅಕ್ಕನ ಪಾಲು. ಸೇತುವೆ ದಾಟಿದ ಮೇಲೆ ಅರಮನೆ, ಮ್ಯೂಸಿಯಂ ಜೊತೆಗಾತಿಯ ಪಾಲು. ಹದಿನೆಂಟು ವರ್ಷ ಹೀಗೆ ಜನರನ್ನು ಕೈಯಿಂದ ಕೈಗೆ ದಾಟಿಸಿದರು. ಮಧ್ಯಾಹ್ನ ಇಬ್ಬರದೂ ಒಂದೇ ಡಬ್ಬಿ, ನನ್ನ ಅಂಗಡಿಯ ಬೆಂಚಿನ ಮೇಲೆ.

ಅಕ್ಕನ ಮಗಳು ಆರನೇ ವಯಸ್ಸಿಗೆ ಜ್ವರ ಬಂದು ತೀರಿಕೊಂಡಿದ್ದಳು. ಅದರ ಮಾತನ್ನು ಅಕ್ಕ ಎತ್ತಿದವಳಲ್ಲ. ಆದರೆ ದಿನಾ ಬೆಳಿಗ್ಗೆ ಕೆಲಸಕ್ಕೆ ಮೊದಲು ಪ್ರತಿಮೆಯ ಹಿಂದೆ ಹೋಗಿ, ಪೀಠದಿಂದ ಕೆಳಗೆ ಇಳಿಬಿದ್ದ ಕಂಚಿನ ಮೇಲಂಗಿಯ ಅಂಚಿಗೆ ಅಂಗೈ ಇಟ್ಟು ಬರುತ್ತಿದ್ದಳು. ಧೂಳು ಒರೆಸುತ್ತಾಳೇನೋ ಎಂದುಕೊಂಡಿದ್ದೆ ನಾನು, ದಡ್ಡ.

ಈ ವರ್ಷ ಅರಮನೆಯವರು ಕಿವಿಗೆ ಹಾಕಿಕೊಳ್ಳುವ ಯಂತ್ರ ತಂದರು. ಗುಂಡಿ ಒತ್ತಿದರೆ ಗೈಡಿನ ಬದಲು ಅದೇ ಊರಿನ ಕಥೆ ಹೇಳುತ್ತದೆ. ಮೊದಲ ದಿನ ಬೆಳಿಗ್ಗೆಯೇ ನೋಡುತ್ತೇನೆ, ಯಂತ್ರ ಹಾಕಿಕೊಂಡ ಜನ ರಾಜನ ಮುಖವನ್ನೂ ನೋಡದೆ ನೇರ ಹಿಂದಕ್ಕೆ ಹೋಗಿ ಸಾಲು ನಿಲ್ಲುತ್ತಿದ್ದಾರೆ. ಒಬ್ಬೊಬ್ಬರೇ ಮೇಲಂಗಿಗೆ ಅಂಗೈ ಇಡುತ್ತಿದ್ದಾರೆ. ಅಕ್ಕ ಬಂದವಳು ಒಬ್ಬಾಕೆಯ ಯಂತ್ರ ಕೇಳಿ ಪಡೆದು ಕಿವಿಗಿಟ್ಟುಕೊಂಡಳು. ಎರಡು ಸಲ ಗುಂಡಿ ಒತ್ತಿ ಕೇಳಿದಳು.

ಅದರಲ್ಲಿದ್ದದ್ದು ಜೊತೆಗಾತಿಯ ದನಿ. "ಇಲ್ಲೊಂದು ಪುಟ್ಟ ಕೈಯ ಗುರುತಿದೆ. ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು ದಿನವೂ ಇಲ್ಲಿ ಕೈಯಿಟ್ಟು ಅವಳೊಂದಿಗೆ ಮಾತಾಡುತ್ತಾಳೆ. ನೀವೂ ಇಟ್ಟು ನೋಡಿ."

ಅಕ್ಕ ಬಂದು ನನ್ನ ಬೆಂಚಿನ ಮೇಲೆ ಕುಸಿದಳು. "ಅವಳೊಬ್ಬಳಿಗೇ ಹೇಳಿದ್ದೆ ಅಣ್ಣ. ಅವಳ ಗಂಡ ತೀರ್ಕೊಂಡಾಗ ಅನ್ನ ನೀರು ಬಿಟ್ಟು ಕೂತಿದ್ಲು. ನಾನು ಹಿಂಗೆ ಕೈಯಿಟ್ಟು ದಿನ ತಳ್ತೀನಿ, ನೀನೂ ಏನಾದ್ರೂ ಹುಡುಕ್ಕೋ ಅಂತ ಧೈರ್ಯಕ್ಕೆ ಹೇಳಿದ್ದೆ. ಅದಕ್ಕೇನೂ ದಾಖಲೆ ಇಲ್ಲ. ಆ ಗುರುತು ನನ್ನ ಕೂಸಿನ ಕೈಯಳತೆಗೇ ಇದೆ, ಅಷ್ಟೆ."

ಮಧ್ಯಾಹ್ನ ಜೊತೆಗಾತಿ ಎಂದಿನಂತೆ ಡಬ್ಬಿ ಹಿಡಿದು ಬಂದಳು. ಅಕ್ಕನ ಮುಖ ನೋಡಿ ಅವಳೇ ಶುರು ಮಾಡಿದಳು.

"ಯಾರಿಗೂ ಗೊತ್ತಿಲ್ಲದ್ದು ಒಂದಾದ್ರೂ ಬೇಕು ಅಂತ ಅರಮನೆಯೋರು ಪಟ್ಟು ಹಿಡಿದ್ರು ಅಕ್ಕ. ನಿನ್ನ ಹೆಸರೇನೂ ಹೇಳಿಲ್ವಲ್ಲ. ಜನ ಎಷ್ಟು ಇಷ್ಟಪಡ್ತಿದಾರೆ ನೋಡು!"

"ಇಸವಿ, ಯುದ್ಧ, ಗೋಪುರ, ನನ್ನ ಪಾಲಿನದ್ದೆಲ್ಲ ಕೊಡು ಅಂದಿದ್ರೆ ಕೊಟ್ಟುಬಿಡ್ತಿದ್ದೆ ಕಣೇ" ಎಂದಳು ಅಕ್ಕ. "ಅದೊಂದನ್ನ ಬಿಡಬೇಕಿತ್ತು."

ಜೊತೆಗಾತಿ ಡಬ್ಬಿಯ ಮುಚ್ಚಳ ತೆಗೆದಳು. ಅಕ್ಕ ಮುಟ್ಟಲಿಲ್ಲ. ನನಗೋ ಮೈಯೆಲ್ಲ ಉರಿದು, ಕೈಯಲ್ಲಿದ್ದ ಛತ್ರಿಯಿಂದಲೇ ನಾಲ್ಕು ಬಾರಿಸೋಣ ಅನ್ನಿಸಿತು. ಹದಿನೆಂಟು ವರ್ಷ ಒಂದೇ ಡಬ್ಬಿಯಲ್ಲಿ ಉಂಡವಳು!

ಹದಿನೈದು ದಿನಕ್ಕೆ ಆ ಗುರುತು ಜನರ ಕೈ ಸವರಿ ಸವರಿ ಚಿನ್ನದಂತೆ ಹೊಳೆಯತೊಡಗಿತು. ಆದರೂ ಅಕ್ಕ ಬೆಳಿಗ್ಗೆ ಬೇಗ ಬರುತ್ತಿದ್ದಳು. ಅವಳಿಗಿಂತ ಮೊದಲೇ ಯಾರೋ ಒಬ್ಬರು ಅಲ್ಲಿರುತ್ತಿದ್ದರು.

ಹಾಗೇ ಒಂದು ಬೆಳಿಗ್ಗೆ ಒಬ್ಬಾಕೆ ಪುಟ್ಟ ಮಗಳ ಕೈಯನ್ನು ಆ ಗುರುತಿನೊಳಗೆ ಒತ್ತಿ ಹಿಡಿದು ಫೋಟೊ ತೆಗೆಯುತ್ತಿದ್ದಳು. ಅಕ್ಕನ ಎದೆಯ ಮೇಲಿದ್ದ ಗೈಡಿನ ಬಿಲ್ಲೆ ಕಂಡು ಕೇಳಿದಳು.

"ಈ ತಾಯಿ ಕಥೆ ನಿಜಾನಾ ಮೇಡಂ?"

ನಾನು ಕೆಲಸ ನಿಲ್ಲಿಸಿದೆ. ಅಕ್ಕ ಆ ಮಗುವಿನ ಕೈಯನ್ನೇ ನೋಡಿದಳು.

"ಸುಳ್ಳು" ಎಂದಳು. "ಎರಕ ಹೊಯ್ಯುವಾಗ ಆದ ತಗ್ಗು ಅದು. ಅಂಥ ತಾಯಿ ಯಾರೂ ಇಲ್ಲ. ಮಗಳೂ ಇಲ್ಲ. ದಾಖಲೆ ಇಲ್ಲ."

ಆಕೆ ಮುಖ ಸಣ್ಣದು ಮಾಡಿಕೊಂಡು ಮಗುವನ್ನು ಎಳೆದುಕೊಂಡು ಪ್ರತಿಮೆಯ ಮುಂದಕ್ಕೆ ಹೋದಳು. ಅಕ್ಕನೂ ಅವರ ಹಿಂದೆಯೇ ಬಂದು, ಬಲಗೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡು, ಅಲ್ಲಿದ್ದ ಜನರಿಗೆ ರಾಜ ಹುಟ್ಟಿದ ಇಸವಿ ಹೇಳತೊಡಗಿದಳು. ಅಂದಿನಿಂದ ಅವಳು ಪ್ರತಿಮೆಯ ಹಿಂದೆ ಹೋಗಿಲ್ಲ.