ಇಪ್ಪತ್ತೊಂದು ತಟ್ಟೆ

ಮಗುವನ್ನು ಸಂಜೆ ಹೊತ್ತು ಎಲ್ಲಿ ಬಿಡಬೇಕು ಎಂದು ಯಾರಾದರೂ ಕೇಳಿದರೆ, ಮೊದಲು ಆ ಜಾಗದ ಹಿತ್ತಲು ನೋಡಿ ಬನ್ನಿ ಎನ್ನುತ್ತೇನೆ. ಯಾರೂ ಕೇಳದಿದ್ದರೂ ಹೇಳುತ್ತೇನೆ. ಈ ಬುದ್ಧಿ ನನಗೆ ಪುಕ್ಕಟೆ ಬಂದದ್ದಲ್ಲ. ಇಪ್ಪತ್ತೊಂದು ತಟ್ಟೆ ಕೊಟ್ಟು ಕೊಂಡದ್ದು.

ಅರವತ್ತರ ದಶಕದ ಮೊದಲ ವರ್ಷಗಳು. ಹೊಳೆನರಸೀಪುರದ ಪೇಟೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ. ಅದಕ್ಕೆ ಮೊದಲು ಅರಕಲಗೂಡು, ಚನ್ನರಾಯಪಟ್ಟಣದ ಸಂತೆಗಳಲ್ಲಿ ಗೋಣಿತಾಟು ಹಾಸಿ ಕೂತು, ಹಳೇ ಪಾತ್ರೆ ತೆಗೆದುಕೊಂಡು ಹೊಸದು ಕೊಡುವ ವ್ಯಾಪಾರ ಮಾಡಿದವನು. ತಂಬಿಗೆಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಸಾಕು, ಅದರ ಜಾತಕ ಹೇಳುತ್ತಿದ್ದೆ. ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ತವರಿನವರೆಲ್ಲ ಬೇಡ ಎಂದರೂ ಕೇಳದೆ ಹಾಸನದಲ್ಲಿ ತರಬೇತಿ ಪಡೆದು, ಹಟದಿಂದ ಗಿಟ್ಟಿಸಿಕೊಂಡ ಕೆಲಸ ಅದು. ಅವಳು ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತಾಗುತ್ತಿತ್ತು. ಐದು ವರ್ಷದ ಮಗಳಿಗೆ ಶಾಲೆ ಮೂರೂವರೆಗೇ ಬಿಡುತ್ತಿತ್ತು.

ಮೊದಲು ಅವಳನ್ನು ಅಂಗಡಿಯಲ್ಲೇ ಕೂರಿಸಿಕೊಳ್ಳುತ್ತಿದ್ದೆ. ಮಗಳಿಗೆ ಮಾತು ಹೆಚ್ಚು. ಒಂದು ದಿನ ಹಳ್ಳಿಯ ಹೆಂಗಸೊಬ್ಬರು ಒಂದು ಕೊಳಗವನ್ನು ತಿರುಗಿಸಿ ಮುರುಗಿಸಿ ನೋಡಿ, ಇನ್ನೇನು ಒಪ್ಪುವುದರಲ್ಲಿದ್ದರು. ಅಷ್ಟರಲ್ಲಿ ಇವಳು, "ಅಪ್ಪಾಜಿ, ನಿನ್ನೆ ತೂತಿಗೆ ತೇಪೆ ಹಾಕ್ಸಿದ್ಯಲ್ಲ, ಆ ಕೊಳಗ ಇದೇನಾ?" ಎಂದಳು. ಆಕೆ ಕೊಳಗ ಕೆಳಗಿಟ್ಟು, "ಅಂಗ್ಡಿನ ಮಗಳ ಕೈಗೆ ಕೊಡಪ್ಪಾ, ಒಳ್ಳೇದಾಯ್ತದೆ" ಎಂದು ಹೊರಟೇ ಹೋದರು. ಮಗಳಿಗೆ ಬೇರೆ ಜಾಗ ಹುಡುಕಲೇಬೇಕಾಯಿತು.

ಊರಿನ ಕೆಲವು ಹೆಂಗಸರು ಸೇರಿ ಆಗಷ್ಟೇ ಒಂದು ಛತ್ರದ ಹಜಾರದಲ್ಲಿ ಮಕ್ಕಳ ಕೂಟ ತೆರೆದಿದ್ದರು. ಶಾಲೆ ಬಿಟ್ಟ ಮೇಲೆ ಆರೂವರೆವರೆಗೆ ಚಿಕ್ಕ ಮಕ್ಕಳನ್ನು ನೋಡಿಕೊಂಡು ತಿಂಡಿ ಕೊಡುವ ಏರ್ಪಾಡು. ಕಾರ್ಯದರ್ಶಿ ಒಬ್ಬ ಅಧಿಕಾರಿಯ ಹೆಂಡತಿ, ಮಕ್ಕಳ ಬಾಯಲ್ಲಿ 'ಮಿಸ್'. ಕೈಕೆಳಗೆ ಒಬ್ಬಳು ಆಯಾ.

ಬೆಳಗಿನ ಹೊತ್ತು, ಮಕ್ಕಳಿಲ್ಲದಾಗ ಹೋಗಿ ನೋಡಿದೆ. ಇದು ಮೊದಲನೇ ತಪ್ಪು. ಎತ್ತು ಕೊಳ್ಳುವವನು ಎತ್ತು ಇಲ್ಲದ ಕೊಟ್ಟಿಗೆ ನೋಡಿ ಬೆಲೆ ಕಟ್ಟುತ್ತಾನೆಯೇ? ನಾನು ಕಟ್ಟಿದೆ. ಮುಖ ಕಾಣುವಷ್ಟು ಸ್ವಚ್ಛವಾದ ನೆಲ. ಮುಚ್ಚಳ ಹಾಕಿದ ನೀರಿನ ಹಂಡೆ. ಗೋಡೆಗೆ ಒಂದು ಗಾಜಿನ ಬೀರು, ಅದರ ತುಂಬ ಚನ್ನಪಟ್ಟಣದ ಮರದ ಬೊಂಬೆಗಳು. ಒಂದರ ಬಣ್ಣವೂ ಚಕ್ಕೆ ಎದ್ದಿರಲಿಲ್ಲ. ಸಾಮಾನನ್ನೇ ಇಷ್ಟು ಜೋಪಾನ ಮಾಡುವವರು ಮಕ್ಕಳನ್ನು ಇನ್ನೆಷ್ಟು ಜೋಪಾನ ಮಾಡಿಯಾರು ಎಂದು ಸೋತುಹೋದೆ. ತಳ ಕಪ್ಪಾಗದ ಪಾತ್ರೆ ಕಂಡರೆ ಇದು ಒಲೆಯನ್ನೇ ಕಂಡಿಲ್ಲ ಎಂದು ಹೇಳಬಲ್ಲವನು ನಾನು. ಆ ದಿನ ಆ ವಿದ್ಯೆ ಕೈಕೊಟ್ಟಿತು.

"ಜಾಗ ಇಲ್ಲ ಸಾವ್ಕಾರ್ರೆ. ಇಪ್ಪತ್ತು ಮಕ್ಕಳು ಭರ್ತಿಯಾಗಿದೆ" ಎಂದರು ಕಾರ್ಯದರ್ಶಿ.

"ಇಪ್ಪತ್ತು ಮಕ್ಕಳಿಗೂ ತಟ್ಟೆ ಇದ್ಯಾ ಅಮ್ಮಾವ್ರೆ?"

ಇರಲಿಲ್ಲ.

"ನಾಳೆ ಇಪ್ಪತ್ತೊಂದು ತಟ್ಟೆ ಕಳಿಸ್ತೀನಿ. ಇಪ್ಪತ್ತೊಂದನೇದ್ರಲ್ಲಿ ತಿನ್ನೋಕೆ ಒಂದು ಮಗೂನೂ ಕಳಿಸ್ತೀನಿ."

ಅವರು ನಕ್ಕುಬಿಟ್ಟರು. ಎದುರಿಗಿರುವವರು ನಕ್ಕರೆ ವ್ಯಾಪಾರ ಕುದುರಿತು ಎಂದೇ ಅರ್ಥ, ನೆನಪಿಟ್ಟುಕೊಳ್ಳಿ. ಸುಮ್ಮನೆ ಕೊಟ್ಟು ಬಂದಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಕಡೆ ಕಾಣಿಕೆಯ ಪಾತ್ರೆಗೆ ಹೆಸರು ಹಾಕಿಸದಿದ್ದರೆ ಕೊಟ್ಟ ಹಾಗೇ ಅಲ್ಲ. ಒಂದೊಂದು ತಟ್ಟೆಯ ಮೇಲೂ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ನನ್ನ ಹೆಸರು, ಅದರ ಕೆಳಗೆ ಅಂಗಡಿಯ ವಿಳಾಸ, ಜಾಗ ಉಳಿದಿತ್ತೆಂದು 'ಯೋಗ್ಯ ದರ' ಎಂದೂ ಹಾಕಿಸಿದೆ. ಇಪ್ಪತ್ತೊಂದು ಮನೆಯ ಮಕ್ಕಳು ದಿನವೂ ಉಪ್ಪಿಟ್ಟು ತಿಂದು ಮುಗಿಸಿದಾಗ ತಳದಲ್ಲಿ ನನ್ನ ಅಂಗಡಿ ಕಾಣಬೇಕು ಎಂಬುದು ಲೆಕ್ಕಾಚಾರ.

ಮಗಳು ಕೂಟಕ್ಕೆ ಹೋಗತೊಡಗಿದಳು. ಇಸ್ತ್ರಿ ಹಾಕಿದ ಲಂಗ ಇಸ್ತ್ರಿ ಹಾಕಿದಂತೆಯೇ ಮನೆಗೆ ಬರುತ್ತಿತ್ತು. ಜಡೆಯ ಒಂದು ಎಳೆಯೂ ಕದಲುತ್ತಿರಲಿಲ್ಲ.

"ನೋಡು, ಹೇಗೆ ನೋಡ್ಕೋತಾರೆ!" ಎಂದು ನಾನು ಬೀಗಿದೆ.

"ಮೂರು ಗಂಟೆ ಆಟ ಆಡಿದ ಮಗು ಹಿಂಗೆ ಬರಲ್ಲ ಕಣ್ರೀ," ಎಂದಳು ಹೆಂಡತಿ. "ಒಂದೋ ಜ್ವರ ಬಂದಿರ್ಬೇಕು, ಇಲ್ಲಾ ಕಟ್ಟಿ ಹಾಕಿರ್ಬೇಕು."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳ ಮಾತು ಕಡಿಮೆಯಾಗುತ್ತ ಬಂತು. ಊಟಕ್ಕೆ ಕೂತವಳು ಇನ್ನಷ್ಟು ಅನ್ನ ಬೇಕಾದರೆ ಕೈ ಎತ್ತುತ್ತಿದ್ದಳು. ಹದಿನೈದು ದಿನ ಕಳೆದಿರಬಹುದು, ಒಂದು ಸಂಜೆ ಅಮ್ಮನ ಮುಂದೆ ಕಿರುಬೆರಳು ಎತ್ತಿ ನಿಂತು, "ಮಿಸ್, ಒಂದಕ್ಕೆ ಹೋಗ್ಲಾ?" ಎಂದು ಕೇಳಿದಳು.

ಹೆಂಡತಿ ಸೌಟು ಕೆಳಗಿಟ್ಟಳು. ಮಗುವನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಂದು, "ನನ್ನ ಮಗಳೇ ನನ್ನನ್ನ ಮಿಸ್ ಅಂತಾಳೆ. ಒಂದನೇ ತಾರೀಕಿಗೆ ರಾಜೀನಾಮೆ ಬರೆದುಕೊಡ್ತೀನಿ" ಎಂದಳು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ತಣ್ಣಗೆ ಹೇಳಿದಳು. ಒಂದನೇ ತಾರೀಕಿಗೆ ಇನ್ನು ನಾಲ್ಕೇ ದಿನ.

ಮಾರನೆಯ ದಿನ ನಾಲ್ಕೂವರೆಗೆ ಹೇಳದೆ ಕೇಳದೆ ಛತ್ರಕ್ಕೆ ನುಗ್ಗಿದೆ. ಇಪ್ಪತ್ತೊಂದು ಮಕ್ಕಳು ಎರಡು ಸಾಲಾಗಿ, ಚಕ್ಕಂಬಕ್ಕಳ ಹಾಕಿ, ಬಾಯಿಯ ಮೇಲೆ ಬೆರಳಿಟ್ಟು ಕೂತಿದ್ದವು. ಆಯಾ ಬಿಸಿ ಉಪ್ಪಿಟ್ಟನ್ನು ಒಂದೊಂದು ಅಂಗೈಗೆ ಹಾಕುತ್ತ ಬರುತ್ತಿದ್ದಳು. ಮಕ್ಕಳು ಅದನ್ನು ಈ ಕೈಯಿಂದ ಆ ಕೈಗೆ ಎಸೆದುಕೊಂಡು ಸದ್ದಿಲ್ಲದೆ ಊದುತ್ತಿದ್ದವು.

"ತಟ್ಟೆ ಎಲ್ಲಮ್ಮಾ?" ಎಂದೆ.

ಆಯಾ ಗದ್ದದಿಂದಲೇ ಬೀರುವಿನ ಕಡೆ ತೋರಿಸಿದಳು. ನನ್ನ ತಟ್ಟೆಗಳು ಗಾಜಿನ ಹಿಂದೆ, ಬೊಂಬೆಗಳ ನಡುವೆ, ಹೆಸರು ಮುಂದಾಗಿ ನಿಂತಿದ್ದವು. ಅಲ್ಲಿ ನಿಂತು 'ಯೋಗ್ಯ ದರ' ಓದುವುದು ನನಗೇ ಕಷ್ಟವಾಯಿತು.

"ಈ ಬೊಂಬೆ ಯಾವಾಗ ಕೊಡ್ತೀರಿ?"

"ಕೊಡಾದೆಲ್ಲಿ ಸಾ. ಸುಕ್ರುವಾರ ಅತ್ತು ನಿಮ್ಸ ಗಾಜಿನ್ ಮುಂದೆ ನಿಲ್ಲುಸ್ತಾರೆ, ನೋಡ್ಕಂಡು ಬರ್ತವೆ. ನಾನು ಯೋಳಿದ್ರೆ ಕೇಳಾರ್ಯಾರು? ಇತ್ಲಲ್ಲಿ ಒಂದ್ ಗಾಡಿ ಮಳ್ಳು ಆಕ್ಸಿಕೊಡಿ ಅಂತ ಬಾಯ್ ಬಡ್ಕೊಂಡೆ. ಮಕ್ಳು ಮಣ್ಣಾಯ್ತವೆ ಅಂದ್ರು. ಮಕ್ಳು ಮಣ್ಣಾಗ್ದೆ ಇನ್ನೇನು ಮುತ್ತಾಯ್ತವಾ ಸಾ?"

ಅಷ್ಟರಲ್ಲಿ ಕಾರ್ಯದರ್ಶಿ ಬಂದರು. ಬೀರುವಿನ ಬೀಗದ ಕೈ ಸೊಂಟದಲ್ಲಿತ್ತು.

"ಹೆಸರು ಹಾಕಿಸಿ ಕೊಟ್ಟ ದಾನ ಸಾವ್ಕಾರ್ರೆ. ಮಕ್ಕಳ ಕೈಗೆ ಕೊಟ್ಟು, ನೆಗ್ಗಿಸಿ, ನಿಮ್ಮ ಮರ್ಯಾದೆ ಕಳೆಯೋಕಾಗುತ್ತಾ?"

ಅಂಗೈ ಸುಡುವ ಉಪ್ಪಿಟ್ಟಿಗೆ ಅರ್ಧ ಕಾರಣ ನಾನೇ.

"ಸರಿ, ಬೊಂಬೆ?"

"ಹಾಸನದಿಂದ ದೊಡ್ಡೋರು ಬಂದಾಗ ಏನು ತೋರಿಸ್ಲಿ? ಕಾಲು ಮುರಿದ ಕುದುರೇನಾ?"

ಆಗ ನನಗೆ ಉಸಿರು ಬಂತು. ಜಗಳಕ್ಕೆ ಹೋದವನಿಗೆ ಎದುರಿನವರ ತಪ್ಪು ಕಾಣುತ್ತದೆ, ವ್ಯಾಪಾರಕ್ಕೆ ಹೋದವನಿಗೆ ಅವರ ಅಗತ್ಯ ಕಾಣುತ್ತದೆ. ಈಕೆ ಕೆಟ್ಟವರಲ್ಲ. ಬಂದವರಿಗೆ ತೋರಿಸಲು ಏನಾದರೂ ಹೊಳೆಯುವುದು ಬೇಕಾಗಿತ್ತು, ಅಷ್ಟೆ. ಹೊಳೆಯುವುದು ನನ್ನ ಅಂಗಡಿಯಲ್ಲಿ ಬೇಕಾದಷ್ಟಿತ್ತು.

"ಬೀರು ನನಗೆ ಬಿಡಿ ಅಮ್ಮಾವ್ರೆ. ಹಿತ್ತಾಳೆ ದೀಪದ ಕಂಬ, ಗಿಂಡಿ, ಹೂಜಿ ಎಲ್ಲ ಹುಣಸೆಹಣ್ಣು ಹಾಕಿ ಬೆಳಗಿಸಿ ಜೋಡಿಸ್ತೀನಿ. ಬಂದೋರು ಕಣ್ಣು ಕೀಳಬಾರ್ದು. ಬೊಂಬೆ ಕೆಳಗಿಳೀಲಿ."

"ಮಕ್ಕಳ ಕೂಟದಲ್ಲಿ ದೀಪದ ಕಂಬ ಯಾಕೆ ಅಂತ ಕೇಳಿದ್ರೆ?"

"ಸಂಸ್ಕೃತಿ ಅನ್ನಿ. ಆ ಮಾತು ಹೇಳಿದ್ಮೇಲೆ ಯಾರೂ ಮುಂದಕ್ಕೆ ಕೇಳಲ್ಲ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕರು ಎಂದು ಗೊತ್ತಾಯಿತು. ಕಬ್ಬಿಣ ಕಾದಿರುವಾಗಲೇ ಉಳಿದದ್ದನ್ನೂ ಬಡಿದೆ. ಹೆಸರಿನ ತಟ್ಟೆಗಳನ್ನು ವಾಪಸು ಒಯ್ದು, ನೆಗ್ಗಿದ ಹಳೇ ತಟ್ಟೆ ಇಪ್ಪತ್ತೊಂದು ಕೊಡುತ್ತೇನೆ. ಅವುಗಳ ಮೇಲಿರುವುದು ಯಾವ ಯಾವುದೋ ಮದುವೆಯ ಹೆಸರುಗಳು, ಅವರ ಮರ್ಯಾದೆಯ ಚಿಂತೆ ನಮಗೆ ಬೇಡ ಎಂದೆ. ಹಿತ್ತಲಿಗೆ ಒಂದು ಗಾಡಿ ಹೊಳೆ ಮರಳು ನನ್ನದೇ ಖರ್ಚು. ಅಲ್ಲಿ ಆಯಾ ಹೇಳಿದ್ದೇ ನಡೆಯಬೇಕು. ಈ ಕೊನೆಯದಕ್ಕೆ ಕಾರ್ಯದರ್ಶಿ ಬಹಳ ಹೊತ್ತು ಎಳೆದಾಡಿದರು. "ಹಿತ್ತಲಿನವರೆಗೆ ಮಾತ್ರ" ಎಂದು ಕಡೆಗೆ ಬೀಗದ ಕೈ ಬಿಚ್ಚಿದರು.

ಮರಳಿನ ಗಾಡಿ ಬಂದದ್ದು ಎರಡು ದಿನ ಬಿಟ್ಟು, ಒಂದನೇ ತಾರೀಕಿನ ಹಿಂದಿನ ದಿನ. ಆ ಸಂಜೆ ಮಗಳು ಬೀದಿಯ ತುದಿಯಿಂದಲೇ ಮಾತಾಡುತ್ತ ಬಂದಳು. ಲಂಗದ ಅಂಚು ಹರಿದಿತ್ತು, ತಲೆ ತುಂಬ ಮರಳು, ಮೊಣಕೈ ತರಚಿತ್ತು.

"ಯಾರೇ ತಳ್ಳಿದ್ದು?" ಎಂದಳು ಹೆಂಡತಿ.

"ಮೊದ್ಲು ನಾನೇ ತಳ್ದೆ. ಆಮೇಲೆ ಅವ್ನು ತಳ್ದ. ಆಮೇಲೆ ಆಯಾ ಇಬ್ರಿಗೂ ಬೈದ್ಲು. ಆಮೇಲೆ ಬಾವಿ ತೋಡುದ್ವು. ಅವನಿಗೆ ಬಾವಿ ತೋಡಕ್ಕೆ ಬರಲ್ಲ ಅಮ್ಮಾ, ದಡ್ಡ ಅವ್ನು!"

ಹೆಂಡತಿ ಅಯೋಡಿನ್ ತಂದು ಮೊಣಕೈಗೆ ಒತ್ತಿದಳು. ಮಗಳು ಹಾಕಿದ ಕಿರುಚಾಟಕ್ಕೆ ಪಕ್ಕದ ಮನೆಯವರು ಏನಾಯಿತೋ ಎಂದು ಬಾಗಿಲಿಗೆ ಓಡಿಬಂದರು.

"ಏನಿಲ್ಲ ಬನ್ನಿ, ನಮ್ಮ ಹುಡುಗಿ" ಎಂದಳು ಹೆಂಡತಿ. ಅವರು ಹೋದ ಮೇಲೆ ಮರಳು ಕೊಡವುತ್ತ ಕೂತವಳು, ತಲೆ ಎತ್ತದೆ ನನಗೆ ಹೇಳಿದಳು:

"ನಾಳೆ ನಂಗೆ ಎಂಟಕ್ಕೇ ಡ್ಯೂಟಿ. ಬೇಗ ಎಬ್ಬಿಸಿ."