ಮನೆಯವರ ಮಟ್ಟಿಗಿನ ಸ್ಪ್ಯಾನಿಷ್

ನಾನು ನಿವೃತ್ತಳಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಆಗ ಚಿಕ್ಕಮಗಳೂರಿನ ಒಂದು ಕಾಫಿ ರಫ್ತು ಕಂಪನಿಯ ಲ್ಯಾಬಿನಲ್ಲಿ ಹಿರಿಯ ಕಪ್ಪರ್ ಆಗಿದ್ದೆ. ಪ್ರತಿ ತೋಟದ ಬೀಜವನ್ನು ಹುರಿದು, ಪುಡಿ ಮಾಡಿ, ಬಿಸಿನೀರು ಹಾಕಿ, ಚಮಚದಲ್ಲಿ ಹೀರಿ ಅಂಕ ಕೊಡುವವರೇ ಕಪ್ಪರ್. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದೆ.

ಆ ಜನವರಿಯಲ್ಲಿ ಸ್ಪೇನಿನಿಂದ ಎಲೆನಾ ಎಂಬ ಖರೀದಿದಾರರು ಬಂದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಮ್ಮ ಮಾರ್ಕೆಟಿಂಗ್ ಮ್ಯಾನೇಜರ್ ಸುಧೀರ್ ಅಲ್ಲಿನ ಹೋಟೆಲಿನಲ್ಲಿ ಕೆಲಸ ಮಾಡಿ ಬಂದವನಾದ್ದರಿಂದ ಅವನೇ ದುಭಾಷಿ. ನಾನು ಆರಿಸಿಟ್ಟಿದ್ದ ಎಂಟು ಕಾಫಿಗಳ ರುಚಿ ನೋಡಿ ಅವರಿಗೆ ಒಂದು ಬಹಳ ಹಿಡಿಸಿತು. ನನ್ನತ್ತ ಕೈ ತೋರಿಸಿ ಏನೋ ಕೇಳಿದರು. ಸುಧೀರ್ ನಗುತ್ತ ಉತ್ತರಿಸಿದ. ಅದರಲ್ಲಿ ‘ಕ್ರಿಯಾದಾ’ ಎಂಬ ಪದವೊಂದು ನನ್ನ ಕಿವಿಗೆ ಬಿತ್ತು. ಎಲೆನಾ ತಮ್ಮ ಕಪ್ಪನ್ನು ತೊಳೆಯಲು ನನ್ನ ಕೈಗಿತ್ತರು. ನಾನೂ ನಗುತ್ತ ತೊಳೆದೆ. ಏನೆಂದೆ ಎಂದು ಆಮೇಲೆ ಸುಧೀರನನ್ನು ಕೇಳಿದ್ದಕ್ಕೆ, ನಿಮ್ಮನ್ನು ಹೊಗಳಿದೆ ಮೇಡಂ ಎಂದ.

ಸಂಜೆ ಬಸ್ಸಿನಲ್ಲಿ ಮೊಬೈಲ್ ತೆಗೆದು ನೋಡಿದೆ. ಕ್ರಿಯಾದಾ ಎಂದರೆ ಮನೆಗೆಲಸದವಳು. ಕಾಫಿ ಆರಿಸಿದ್ದು ತನ್ನದೇ ನಾಲಿಗೆ ಎಂದು ಅವನು ಹೇಳಿಕೊಂಡಿದ್ದು ಮುಂದಿನ ವಾರ ಎಲೆನಾ ಕಳಿಸಿದ ಇಮೇಲಿನಿಂದ ಆಫೀಸಿಗೆಲ್ಲ ಗೊತ್ತಾಯಿತು. ಅವರು ಅವನನ್ನು ಅಭಿನಂದಿಸಿದ್ದರು.

ಅವರು ಮೆಚ್ಚಿದ ಕಾಫಿ ನಮ್ಮದೇ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ನಮಗೆ ಮೂರು ಎಕರೆ ತೋಟವಿದೆ. ನನ್ನ ಗಂಡ ಶಿವಣ್ಣ ಹಾಕಿದ ಗಿಡಗಳು. ಅವರು ತೀರಿಕೊಂಡ ಮೇಲೆ ಅತ್ತೆ ಪಾರ್ವತಮ್ಮನವರೇ ಹಣ್ಣು ಕುಯ್ಲಿನಿಂದ ಒಣಗಿಸುವವರೆಗೆ ನಿಂತು ನೋಡಿಕೊಂಡಿದ್ದರು. ಶನಿವಾರ ಊರಿಗೆ ಹೋದವಳು ಅವರಿಗೆ ನಡೆದದ್ದನ್ನೆಲ್ಲ ಹೇಳಿ, ಸೋಮವಾರ ಮಾಲೀಕರ ಹತ್ತಿರ ಹೋಗುತ್ತೇನೆ ಎಂದೆ. ಅತ್ತೆ ಬೇಳೆ ಆರಿಸುತ್ತ ಕೇಳಿಸಿಕೊಂಡರು.

‘ಈಗ ಹೋಗಿ ಎಂತ ಮಾಡ್ತೀಯ? ಅವ ಹಂಗೆ ಹೇಳೇ ಇಲ್ಲ ಅಂತಾನೆ. ಆ ಹೆಂಗಸು ಇನ್ನೊಂದ್ಸಲ ಬರ್ಲಿ. ಅಷ್ಟರಾಗೆ ನೀನು ಅವ್ರ ಮಾತು ಕಲ್ತಿರು.’

ಕಲಿಯಲು ಕೂತೆ. ದಿನಾ ಬೆಳಿಗ್ಗೆ ಆರರಿಂದ ಏಳು, ಮೊಬೈಲ್ ಪಾಠ. ಮೊದಲ ಪಾಠವೇ ಮನೆಯವರದು. ನನಗೆ ಅಲ್ಲೇ ತಲೆ ಕೆಟ್ಟಿತು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರಿಗೂ ಒಂದೇ ತೀಯೊ. ಅಕ್ಕನೂ ಎರ್ಮಾನಾ, ತಂಗಿಯೂ ಎರ್ಮಾನಾ. ಆದರೆ ಅತ್ತೆಗೆ ಎರಡು ಪದ: ಅಪ್ಪನ ತಂಗಿಯಾದರೆ ತೀಯಾ, ಗಂಡನ ತಾಯಿಯಾದರೆ ಸ್ವೇಗ್ರಾ. ಮದುವೆ ಆಲ್ಬಮ್ಮಿನ ಪ್ರತಿ ಫೋಟೊದ ಕೆಳಗೂ ಚೀಟಿ ಅಂಟಿಸಿದೆ. ತಮ್ಮ ಚೀಟಿಯನ್ನು ಓದಿಸಿ ಕೇಳಿದ ಅತ್ತೆ, ‘ಅದೆಂತ ಹೆಸರು ಮಾರಾಯ್ತಿ’ ಎಂದರು. ಮಾರನೆಯ ವಾರ ಫೋನ್ ಮಾಡಿದಾಗ ತಾವೇ ‘ಸ್ವೇಗ್ರಾ ಮಾತಾಡ್ತಿರೋದು’ ಎಂದರು. ಸಿಟ್ಟು ಇಳಿಯುತ್ತದೇನೋ ಎಂದುಕೊಂಡಿದ್ದೆ. ಕಲಿತಷ್ಟೂ ಏರಿತು.

ಮರುವರ್ಷ ಎಲೆನಾ ಬಂದರು. ಈ ಸಲ ಕಾಫಿ ಬೆಳೆದ ಕುಟುಂಬವನ್ನೇ ನೋಡಬೇಕೆಂದರಂತೆ. ಸುಧೀರ್ ನನ್ನ ಬಳಿ ಬಂದು, ನಿಮ್ಮ ತೋಟಕ್ಕೆ ಕರೆತರುತ್ತೇನೆ, ಕಡುಬು ಮಾಡಿಸಿಡಿ, ಮಾತು ನಾನು ನೋಡಿಕೊಳ್ಳುತ್ತೇನೆ ಎಂದ. ಆಗಲಿ ಎಂದು ರಜೆ ಹಾಕಿದೆ.

ಅಂಗಳದಲ್ಲಿ ಅತ್ತೆಯನ್ನು ತೋರಿಸಿ ‘ಮಿ ಅಬ್ವೇಲಾ’ ಎಂದ. ತನ್ನ ಅಜ್ಜಿಯಂತೆ; ತೋಟವೂ ತನ್ನ ಮನೆಯದೇ ಎಂಬ ಹಾಗೆ. ತಟ್ಟೆ ಹಿಡಿದು ಬಂದ ನನ್ನನ್ನು ಗುರುತಿಸಿದ ಎಲೆನಾಗೆ ಮತ್ತೆ ಅದೇ ಕ್ರಿಯಾದಾ ಎಂದ. ನಾನು ತಡೆದುಕೊಂಡೆ. ಅವನು ಇನ್ನೂ ಮಾತಾಡಲಿ ಎಂದೇ ನನ್ನ ಆಸೆ. ಒಳಗೆ ಗೋಡೆಯ ಮೇಲೆ ಹಾರ ಹಾಕಿದ್ದ ಶಿವಣ್ಣನವರ ಫೋಟೊದ ಮುಂದೆ ಎಲೆನಾ ನಿಂತರು. ಸುಧೀರ್ ಮುಖ ಬಾಡಿಸಿಕೊಂಡು ‘ಮಿ ತೀಯೊ’ ಎಂದ.

ನಾನು ತಟ್ಟೆಯನ್ನು ಕೆಳಗಿಟ್ಟೆ. ಎಲೆನಾರ ಮುಖ ನೋಡುತ್ತ, ಒಂದೊಂದೇ ಪದ ಬಿಡಿಸಿ ಸ್ಪ್ಯಾನಿಷ್‌ನಲ್ಲಿ ಹೇಳಿದೆ. ಇವರು ಅವನ ತೀಯೊ ಅಲ್ಲ, ನನ್ನ ಗಂಡ. ಆಕೆ ಅವನ ಅಬ್ವೇಲಾ ಅಲ್ಲ, ನನ್ನ ಸ್ವೇಗ್ರಾ. ನಾನು ಕ್ರಿಯಾದಾ ಅಲ್ಲ, ಈ ಮನೆಯ ಸೊಸೆ. ನಿಮ್ಮ ಕಾಫಿಯ ರುಚಿ ನೋಡಿ ಆರಿಸಿದವಳು ನಾನು.

ಸುಧೀರನ ಮುಖ ಬಿಳಿಚಿತು. ‘ಮೇಡಂ, ನಿಮಗೆ ಸ್ಪ್ಯಾನಿಷ್ ಬರ್ತದಾ?’

‘ಮನೆಯವ್ರ ಬಗ್ಗೆ ಮಾತ್ರ ಬರ್ತದೆ’ ಎಂದೆ.

ಎಲೆನಾ ಅವನ ಕಡೆ ತಿರುಗಿ ಕೇಳಿದ್ದು ನನಗೆ ಪೂರ್ತಿ ಅರ್ಥವಾಗಲಿಲ್ಲ. ಅವನು ತೊದಲಿದ್ದು ಅರ್ಥವಾಯಿತು. ಅತ್ತೆ ಕಡುಬಿನ ತಟ್ಟೆ ಎತ್ತಿ ಎಲೆನಾಗೆ ಬಡಿಸಿದರು. ಅವನಿಗೆ ಬಡಿಸಲಿಲ್ಲ.

ಎಲೆನಾ ಮಾಲೀಕರಿಗೆ ಎಲ್ಲವನ್ನೂ ಬರೆದರು. ಇನ್ನು ಮುಂದೆ ನನ್ನೊಂದಿಗೇ ವ್ಯವಹರಿಸುವುದಾಗಿಯೂ ಬರೆದರು. ತಿಂಗಳೊಳಗೆ ಮಾಲೀಕರು ಸುಧೀರನಿಗೆ ಕೆಲಸ ಬಿಡಲು ಹೇಳಿದರು. ಹೋಗುವ ಮೊದಲು ಅವನು ಲ್ಯಾಬಿಗೆ ಬಂದು, ಎಲೆನಾಗೆ ಒಂದು ಮಾತು ಹೇಳಿ ಮೇಡಂ, ಕ್ಷಮಿಸಿದ್ದೇನೆ ಅಂತ ಬರೆಯಿರಿ ಎಂದು ಬೇಡಿಕೊಂಡ. ಅವನ ಕಣ್ಣು ತುಂಬಿತ್ತು. ನನಗೆ ಖುಷಿಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ನಮ್ಮೆದುರಿಗೇ ನಿಂತು ನಾವು ಯಾರೆಂದು ಬೇರೆಯವರು ಹೇಳುತ್ತಿದ್ದರೆ, ಅದು ಯಾವ ಭಾಷೆಯೇ ಆಗಲಿ, ತಿದ್ದುವಷ್ಟಾದರೂ ಕಲಿತಿರಬೇಕು. ನನ್ನ ವೃತ್ತಿ ನನಗೆ ಕಲಿಸಿದ್ದು ಅದು. ಅವನಿಗೆ ಮಾತ್ರ, ಕ್ಷಮಿಸುವ ಪದ ನನ್ನ ಪಾಠದಲ್ಲಿ ಇನ್ನೂ ಬಂದಿಲ್ಲ ಎಂದು ಹೇಳಿ ಕಳಿಸಿದೆ. ಬಂದಿತ್ತು. ಎರಡನೆಯ ವಾರವೇ ಬಂದಿತ್ತು.