ಅಕ್ಕನಿಗೊಂದು ಲಂಗ

ನಲವತ್ತು ವರ್ಷ ಮಡಿಚಿಟ್ಟ ಕಂದು ಕಾಗದವನ್ನು ಒಮ್ಮೆ ಬಿಡಿಸಿದರೆ, ಎಂಥ ಕುಶಲಮತಿಗೂ ಅದನ್ನು ಮತ್ತೆ ಮೊದಲಿನ ಮಡಿಕೆಗೆ ತರಲಾಗುವುದಿಲ್ಲ. ನಾನು ಬಿಡಿಸಿದ್ದು, ಅಕ್ಕ ಹೊಲಿಗೆ ಕಲಿಯುತ್ತಿದ್ದ ಕಾಲದಲ್ಲಿ ತಾನೇ ಕತ್ತರಿಸಿಟ್ಟುಕೊಂಡಿದ್ದ ಆರು ಪಟ್ಟಿಯ ಉದ್ದ ಲಂಗದ ನಮೂನೆಯನ್ನು. ಪಟ್ಟಿಗಳ ಮೇಲೆ ಅವಳ ದುಂಡಗಿನ ಅಕ್ಷರದಲ್ಲಿ 'ಮುಂದು', 'ಹಿಂದು' ಎಂದು ಬರೆದಿತ್ತು. ನಂಜನಗೂಡಿನ ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷ ಕನ್ನಡ ಕಲಿಸಿದ ನನಗೆ, ಅಷ್ಟನ್ನು ಓದಿಯೂ ಮುಂದೇನೆಂದು ತೋಚಲಿಲ್ಲ.

ತಿ. ನರಸೀಪುರದ ಅರ್ಧದಷ್ಟು ಹೆಂಗಸರಿಗೆ ರವಿಕೆ ಹೊಲಿದುಕೊಟ್ಟ ಅಕ್ಕನಿಗೆ ಕರುಳಿನ ಕ್ಯಾನ್ಸರಾಗಿ, ಮೈಸೂರಿನಲ್ಲಿ ಆಪರೇಷನ್ ಮಾಡಿ, ಮಲವು ಹೊಟ್ಟೆಯ ಪಕ್ಕದಿಂದ ಒಂದು ಚೀಲಕ್ಕೆ ಬರುವಂತೆ ಮಾಡಿದ್ದರು. ಒಳಲಂಗದ ಲಾಡಿ ಅಲ್ಲಿಗೇ ಒತ್ತುತ್ತಿದ್ದುದರಿಂದ ಸೀರೆ ಬಿಟ್ಟಳು. ನೈಟಿಯಲ್ಲಿ ಬೀದಿಗಿಳಿಯಲು ಅಭಿಮಾನ ಬಿಡಲಿಲ್ಲ. ನಾಲ್ಕು ತಿಂಗಳು ಹೊಸಿಲು ದಾಟಲಿಲ್ಲ. ಅಷ್ಟರಲ್ಲಿ ಅವಳ ಶಿಷ್ಯೆ ಸವಿತಾ ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಅಂಗಡಿ ಇಡುವವಳಾಗಿ, "ಟೇಪು ನೀವೇ ಕತ್ತರಿಸ್ಬೇಕು ಕಣಕ್ಕ, ಇಲ್ದಿದ್ರೆ ನಾನು ಬಾಗ್ಲೇ ತೆಗೆಯಲ್ಲ" ಎಂದು ಹಟ ಹಿಡಿದಳು.

ಎದೆಯ ಕೆಳಗೇ ಸಡಿಲವಾಗಿ ನಿಲ್ಲುವ ಲಂಗವಿದ್ದರೆ ಹೋಗಬಹುದೆಂದಳು ಅಕ್ಕ. ಔಷಧದ ದೆಸೆಯಿಂದ ಜೋಮು ಹಿಡಿದ ಅವಳ ಬೆರಳುಗಳಲ್ಲಿ ಸೂಜಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಬದನವಾಳಿನ ಖಾದಿ ತಂದು, ಭಾನುವಾರಗಳಂದು ಅವಳ ಮಂಚದ ಪಕ್ಕ ಮಷಿನ್ನಿನ ಮುಂದೆ ಕೂತವಳು ನಾನು. ಸಂಧಿಪ್ರಕರಣವನ್ನು ನಿದ್ದೆಗಣ್ಣಲ್ಲೂ ಬೋಧಿಸಬಲ್ಲವಳು, ಎರಡು ತುಂಡು ಬಟ್ಟೆಯನ್ನು ಕೂಡಿಸಲು ಹೋಗಿ ಲೋಪವನ್ನೂ ಆಗಮವನ್ನೂ ಒಂದೇ ಅಂಚಿನಲ್ಲಿ ಸಾಧಿಸಿದೆ.

"ಬಿಚ್ಚು" ಎನ್ನುತ್ತಿದ್ದಳು ಅಕ್ಕ. "ಮಕ್ಕಳ ಕಾಪಿ ತಿದ್ದುವಾಗ್ಲೂ ಹಿಂಗೇ ಬುಟ್ಬುಡ್ತೀಯಾ?"

ಬಿಚ್ಚುತ್ತಿದ್ದೆ. ಮೂರನೆಯ ಭಾನುವಾರ ಅವಳ ಸುತ್ತಳತೆ ಮೊದಲಿಗಿಂತ ಎರಡಿಂಚು ಕಡಿಮೆ ಬಂತು. ನಾನೇ ತಪ್ಪಿರಬೇಕೆಂದು ಮತ್ತೆ ಅಳತೆಪಟ್ಟಿ ಹಿಡಿಯಹೊರಟೆ. "ಅಳತೆ ಸರಿಯಾಗೇ ಅದೆ. ಒಳಕ್ಕೆ ಹಿಡಿದು ಹೊಲಿ" ಎಂದು ಅವಳು ಗೋಡೆಯ ಕಡೆ ತಿರುಗಿದಳು.

ಅಂಗಡಿ ತೆರೆಯುವ ದಿನ ಲಂಗ ತೊಟ್ಟು, ಕನ್ನಡಿಯಲ್ಲಿ ನೋಡಿಕೊಂಡು, "ಪರವಾಗಿಲ್ಲ" ಎಂದಳು. ನನ್ನ ಜೀವಮಾನದಲ್ಲಿ ಅವಳು ಕೊಟ್ಟ ಅತ್ಯಧಿಕ ಅಂಕ ಅದು. ಆಟೋದಲ್ಲಿ ಹೊರಟೆವು. ಅಂಗಡಿ ಕಣ್ಣಿಗೆ ಬೀಳುವಷ್ಟರಲ್ಲಿ ಚೀಲ ಸೋರಿತು. ಮೊದಲು ವಾಸನೆ ಬಂತು, ಆಮೇಲೆ ಖಾದಿಯ ಮೇಲೆ ಕಲೆ ಹರಡಿತು.

"ತಿರುಗ್ಸಪ್ಪ, ಮನೆಗೋಗವ" ಎಂದಳು ಅಕ್ಕ.

ತಿರುಗುತ್ತಿದ್ದ ಆಟೋ ಕಂಡು ಸವಿತಾ ಓಡಿಬಂದಳು. ಒಳಗೆ ನೋಡಿದಳು. ಅಂಗಡಿಯ ಬಾಗಿಲಿಗೆ ಕಟ್ಟಿದ್ದ ಟೇಪನ್ನು ಬಿಚ್ಚಿತಂದು, ಒಂದು ತುದಿ ನನ್ನ ಕೈಗಿತ್ತು, ಅಕ್ಕನಿಗೆ ಒತ್ತಿಕೊಂಡೇ ಕೂತು ಕತ್ತರಿ ನೀಡಿದಳು. "ಇಲ್ಲೇ ಕತ್ತರಿಸಿ ಅಕ್ಕ."

ಜೋಮು ಬೆರಳಿಂದ ಕತ್ತರಿ ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಟೇಪು ತುಂಡಾಯಿತು. ಅಂಗಡಿಯ ಮುಂದೆ ನೆರೆದವರು ಚಪ್ಪಾಳೆ ತಟ್ಟಿದರು. ಅಕ್ಕ ತಲೆ ಎತ್ತಲಿಲ್ಲ.

ಒಗೆದರೂ ಕಲೆ ಪೂರ್ತಿ ಹೋಗಲಿಲ್ಲ. "ಇನ್ನೊಂದು ಹೊಲೀತೀನಿ" ಎಂದೆ.

"ಬ್ಯಾಡ ಬುಡು. ಇನ್ನೆಲ್ಲಿಗೋಗ್ಬೇಕು ನಾನು?"

ಮೂರು ವಾರಕ್ಕೆ ತೀರಿಕೊಂಡಳು. ಕರ್ಮಾದಿಗಳು ಮುಗಿದ ಮೇಲಿನ ಭಾನುವಾರ ನಾನು ಅಭ್ಯಾಸಬಲದಿಂದ ಬಸ್ ಹತ್ತಿ, ತಿ. ನರಸೀಪುರದಲ್ಲಿ ಇಳಿದ ಮೇಲೆ ಎಲ್ಲಿಗೆಂದು ತಿಳಿಯದೆ ನಿಂತೆ. ಕಡೆಗೆ ಸವಿತಳ ಅಂಗಡಿಗೆ ಹೋದೆ. ಅವಳು ಸ್ಟೂಲ್ ಎಳೆದುಕೊಟ್ಟು, ಯಾರದೋ ರವಿಕೆಯನ್ನು ನನ್ನ ತೊಡೆಯ ಮೇಲಿಟ್ಟಳು.

"ಕೂತ್ಕಳಿ ಮೇಡಂ. ಇದಕ್ಕೆ ಹುಕ್ಕು ಹಾಕ್ಕೊಡಿ."

ಆರು ಹುಕ್ಕು ಹಾಕುವಷ್ಟರಲ್ಲಿ ಸಂಜೆಯಾಯಿತು.